ಮೊಟ್ಟೆ ಎಣಿಸಿದರೆ ಈರಲು ಕಾಣದು

ಉಗಾಂಡಾದ ಆಲ್ಬರ್ಟ್ ಸರೋವರದ ದಡದಲ್ಲಿ ಮೀನು ಹಿಡಿದು ಬದುಕುವ ಊರುಗಳಿಗೆ ಎರಡು ದಶಕಗಳಿಂದ ಪ್ರಾಜಿಕ್ವಾಂಟೆಲ್ ಮಾತ್ರೆ ಹೋಗುತ್ತಿದೆ. ಸರೋವರದ ನೀರಿನಿಂದ ಚರ್ಮದ ಮೂಲಕ ಮೈಹೊಗುವ ಶಿಸ್ಟೊಸೋಮಾ ಹುಳುವಿಗೆ ಸದ್ಯಕ್ಕಿರುವ ಮುಖ್ಯ ಮದ್ದು ಅದೇ. ಮದ್ದು ಎಷ್ಟು ಫಲ ಕೊಟ್ಟಿತೆಂದು ತಿಳಿಯಲು ಹೆಚ್ಚಾಗಿ ನಂಬುವುದು ಮಲಪರೀಕ್ಷೆಯನ್ನು. 41.7 ಮಿಲಿಗ್ರಾಂ ಮಲವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಡಿ ಹುಳುವಿನ ಮೊಟ್ಟೆಗಳನ್ನು ಒಂದೊಂದಾಗಿ ಎಣಿಸಿ, ಬಂದ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಗ್ರಾಂ ಒಂದಕ್ಕೆ ಎಷ್ಟು ಮೊಟ್ಟೆ ಎಂಬುದು ಸಿಗುತ್ತದೆ. ಸಂಖ್ಯೆ ಇಳಿದರೆ ಕಾರ್ಯಕ್ರಮ ಗೆದ್ದಂತೆ. ಆದರೆ ಈ ರೋಗ ಈರಲನ್ನು ಕೆಡಿಸುವುದು ಹೊರಬಿದ್ದ ಮೊಟ್ಟೆಗಳಿಂದಲ್ಲ, ಒಳಗೇ ಉಳಿದವುಗಳಿಂದ. ಆ ಹಾನಿಯನ್ನು ಹಳ್ಳಿಯಲ್ಲೇ ಕಣ್ಣಾರೆ ಕಾಣಿಸಬಲ್ಲ ಸಾಧನ ಅಲ್ಟ್ರಾಸೌಂಡ್. ಮಲಪರೀಕ್ಷೆಯ ಜೊತೆಗೆ ಅದಕ್ಕೂ ಸಮಾನ ಸ್ಥಾನ ಸಿಗಬೇಕು ಎಂಬುದು ನನ್ನ ವಾದ.

ಹುಳುಗಳು ಗಂಡುಹೆಣ್ಣು ಜೋಡಿಯಾಗಿ ಕರುಳಿನ ರಕ್ತನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಹೆಣ್ಣು ದಿನವೂ ನೂರಾರು ಮೊಟ್ಟೆ ಇಡುತ್ತದೆ. ಒಂದಷ್ಟು ಕರುಳಿನ ಗೋಡೆ ಸೀಳಿಕೊಂಡು ಮಲದಲ್ಲಿ ಹೊರಹೋಗುತ್ತವೆ. ಉಳಿದವುಗಳಲ್ಲಿ ಬಹಳಷ್ಟು ರಕ್ತದ ಹರಿವಿಗೆ ಸಿಕ್ಕಿ ಈರಲಿಗೆ ಬಂದು, ಪೋರ್ಟಲ್ ರಕ್ತನಾಳದ ಸಣ್ಣ ಕವಲುಗಳಲ್ಲಿ ಸಿಲುಕುತ್ತವೆ. ದೇಹ ಪ್ರತಿ ಮೊಟ್ಟೆಯ ಸುತ್ತ ರಕ್ಷಣಾ ಕೋಶಗಳ ಗಂಟು ಕಟ್ಟುತ್ತದೆ. ಗಂಟುಗಳು ಮಾಗಿ ನಾರಾಗುತ್ತವೆ, ನಾರು ನಾಳಗಳ ಸುತ್ತ ದಪ್ಪ ಕವಚವಾಗಿ ಬೆಳೆಯುತ್ತದೆ. 1904ರಲ್ಲಿ ಕೈರೋದಲ್ಲಿ ರೋಗಶಾಸ್ತ್ರಜ್ಞ ಸಿಮ್ಮರ್ಸ್ ಇಂಥ ಈರಲನ್ನು ಕೊಯ್ದು ನೋಡಿ, ಹೊಗೆ ಸೇದುವ ಮಣ್ಣಿನ ಕೊಳವೆಗಳನ್ನು ಚುಚ್ಚಿಟ್ಟಂತಿದೆ ಎಂದು ವರ್ಣಿಸಿದರು. ವಿಚಿತ್ರವೆಂದರೆ ಇಷ್ಟಾದರೂ ಈರಲಿನ ಕೋಶಗಳು ಬಹುಮಟ್ಟಿಗೆ ಕೆಡುವುದಿಲ್ಲ. ರಕ್ತಪರೀಕ್ಷೆಯಲ್ಲಿ ಲಿವರ್ ಸರಿಯಾಗಿಯೇ ಇದೆ ಎಂದು ಬರುತ್ತದೆ, ಆಳು ಬಲೆ ಎಳೆಯುತ್ತಲೇ ಇರುತ್ತಾನೆ. ಒಳಗೆ ಮಾತ್ರ ರಕ್ತಕ್ಕೆ ದಾರಿ ಕಿರಿದಾಗಿ, ಒತ್ತಡ ಏರಿ, ಗುಲ್ಮ ಊದಿಕೊಂಡು, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದ ದಿನ ರಕ್ತವಾಂತಿ. ಹಲವರಿಗೆ ರೋಗ ಇದೆಯೆಂದು ತಿಳಿಯುವುದೇ ಆಗ.

ಈ ನಾರಿನ ಕವಚ ಶಬ್ದದ ಅಲೆಗಳನ್ನು ಬಲವಾಗಿ ಹಿಂದಿರುಗಿಸುವುದರಿಂದ ಅಲ್ಟ್ರಾಸೌಂಡ್ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ನಾಳವನ್ನು ಅಡ್ಡಕ್ಕೆ ನೋಡಿದರೆ ಉಂಗುರ, ಉದ್ದಕ್ಕೆ ನೋಡಿದರೆ ಕೊಳವೆ. ಸೂಜಿ ಚುಚ್ಚಿ ತೆಗೆದ ಚೂರಿಗಿಂತ ಈ ಚಿತ್ರವೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ನಾರು ದೊಡ್ಡ ಕವಲುಗಳ ಸುತ್ತ ಇರುತ್ತದೆ, ಸೂಜಿಗೆ ಸಿಗುವುದು ನಡುವಿನ ಒಳ್ಳೆಯ ಭಾಗವೇ ಆಗಿರಬಹುದು. 1996ರಲ್ಲಿ ನೈಜರ್ ದೇಶದ ನಿಯಾಮೆಯಲ್ಲಿ ಸೇರಿದ ತಜ್ಞರು ಈ ಚಿತ್ರಗಳನ್ನು ಎ ಇಂದ ಎಫ್ ವರೆಗೆ ವರ್ಗೀಕರಿಸಿದರು. ಎ ಎಂದರೆ ಆರೋಗ್ಯವಂತ ಈರಲು. ಬಿ ಎಂದರೆ ಅಲ್ಲಲ್ಲಿ ಬಿಳಿ ಚುಕ್ಕೆ, ಅದನ್ನು ಖಚಿತ ರೋಗಲಕ್ಷಣವೆಂದು ಎಣಿಸುವುದಿಲ್ಲ. ಸಿ ಯಲ್ಲಿ ಉಂಗುರ, ಕೊಳವೆ. ಕೊನೆಯ ಎಫ್ ನಲ್ಲಿ ಬಿಳಿ ಪಟ್ಟೆಗಳು ಈರಲಿನ ಅಂಚಿನವರೆಗೂ ಚಾಚಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2000ದಲ್ಲಿ ಪ್ರಕಟಿಸಿತು.

ಚಿತ್ರ ನೋಡುವವರ ಕಣ್ಣಿನ ಮೇಲೆ ಎಲ್ಲವೂ ನಿಂತಿದೆ, ಒಬ್ಬರಿಗೆ ಬಿ ಎನಿಸಿದ್ದು ಇನ್ನೊಬ್ಬರಿಗೆ ಸಿ ಎನಿಸಬಹುದು ಎಂಬ ಆಕ್ಷೇಪ ನಿಜವೇ. ಶುರುವಿನ ಹಂತದಲ್ಲಿ ಗೊಂದಲ ಹೆಚ್ಚು. ಮುಂದುವರಿದ ನಾರನ್ನು ಗುರುತಿಸುವುದರಲ್ಲಿ ಅಷ್ಟಿಲ್ಲ, ಜೀವಕ್ಕೆ ಕುತ್ತು ತರುವುದೂ ಅದೇ. ಗುಲ್ಮ ಊದಿಕೊಳ್ಳಲು ಮಲೇರಿಯಾವೂ ಕಾರಣವಾಗಬಹುದು, ಆದ್ದರಿಂದ ಗುಲ್ಮವೊಂದನ್ನೇ ನೋಡಿ ತೀರ್ಪು ಕೊಡಬಾರದು. ಹೆಪಟೈಟಿಸ್ ತೊಡಕು ಇದಕ್ಕಿಂತ ದೊಡ್ಡದು. ಈಜಿಪ್ಟಿನಲ್ಲಿ ಇದೇ ಹುಳುರೋಗಕ್ಕೆ 1980ರ ದಶಕದವರೆಗೂ ಆಂಟಿಮನಿ ಚುಚ್ಚುಮದ್ದು ಕೊಟ್ಟರು. ಸರಿಯಾಗಿ ಶುದ್ಧಿ ಮಾಡದ ಸೂಜಿಗಳಿಂದ ಹೆಪಟೈಟಿಸ್ ಸಿ ಲಕ್ಷಾಂತರ ಜನಕ್ಕೆ ಹರಡಿತು. ಎರಡೂ ಇರುವವರ ಚಿತ್ರ ಓದುವುದು ಕಷ್ಟ. ಆದರೂ ಒಂದು ವ್ಯತ್ಯಾಸವಿದೆ: ಹೆಪಟೈಟಿಸ್ ತರುವ ಸಿರೋಸಿಸ್‌ನಲ್ಲಿ ಈರಲಿಡೀ ಒರಟಾಗಿ, ಮೇಲ್ಮೈ ಗಂಟುಗಂಟಾಗುತ್ತದೆ, ಹುಳುವಿನ ಹಾನಿಯಲ್ಲಿ ಬಿಳಿ ಪಟ್ಟೆಗಳ ನಡುವಿನ ಭಾಗ ನಯವಾಗಿಯೇ ಉಳಿದಿರುತ್ತದೆ.

ಹಾಗಾದರೆ ಮೊಟ್ಟೆ ಹೆಚ್ಚಿದ್ದವರ ಈರಲೇ ಹೆಚ್ಚು ಕೆಟ್ಟಿರುತ್ತದೆ, ಸ್ಕ್ಯಾನ್ ಏಕೆ ಎಂದು ಕೇಳಬಹುದು. ಸೋಂಕಿಗೂ ನಾರಿಗೂ ಅಷ್ಟು ನೇರ ಹೊಂದಿಕೆ ಇಲ್ಲ. ನಾರು ಕಟ್ಟಲು ವರ್ಷಗಳು ಬೇಕು. ಇವತ್ತು ಮಲದಲ್ಲಿ ಒಂದೂ ಮೊಟ್ಟೆ ಇಲ್ಲದವನ ಈರಲಿನಲ್ಲಿ ಹಳೆಯ ನಾರು ತುಂಬಿರಬಹುದು. ವಂಶವಾಹಿಗಳ ಪಾತ್ರವೂ ಇದೆ. ಸುಡಾನಿನ ಕುಟುಂಬಗಳ ಅಧ್ಯಯನ ಅದನ್ನು ತೋರಿಸಿದೆ. ಕಂಡುಹಿಡಿದು ಮಾಡುವುದಾದರೂ ಏನು ಎಂಬ ಪ್ರಶ್ನೆಗೂ ಉತ್ತರವಿದೆ. ಮಾತ್ರೆ ಕೊಟ್ಟ ಮೇಲೆ ಹಲವರಲ್ಲಿ, ಅದರಲ್ಲೂ ಎಳೆಯರಲ್ಲಿ, ನಾರು ಕರಗಿದ್ದನ್ನು ಸುಡಾನಿನ ಹಳ್ಳಿಗಳಲ್ಲಿ ಅಲ್ಟ್ರಾಸೌಂಡೇ ದಾಖಲಿಸಿದೆ. ಕರಗದವರಿಗೆ ರಕ್ತನಾಳದ ಒತ್ತಡ ಇಳಿಸುವ ಪ್ರೊಪ್ರನಲಾಲ್ ಇದೆ, ಉಬ್ಬಿದ ನಾಳಗಳಿಗೆ ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕುವ ಚಿಕಿತ್ಸೆ ಇದೆ. ಆ ಸೌಲಭ್ಯ ಸರೋವರದ ದಡದಿಂದ ದೂರದ ನಗರದಲ್ಲಿರುತ್ತದೆ ಎಂಬುದು ದೊಡ್ಡ ಕೊರತೆಯೇ. ಆದರೆ ಯಾರನ್ನು ಕಳಿಸಬೇಕೆಂದೇ ತಿಳಿಯದಿದ್ದರೆ ಆ ಕೊರತೆ ಲೆಕ್ಕಕ್ಕೂ ಬರುವುದಿಲ್ಲ.

ದಾನವಾಗಿ ಬರುವ ಮಾತ್ರೆಗಳು ಬಹುಕಾಲ ಶಾಲೆಯ ವಯಸ್ಸಿನ ಮಕ್ಕಳಿಗೇ ಮೀಸಲಾಗಿದ್ದವು. 2022ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ದಾಟಿದ ಎಲ್ಲರಿಗೂ, ದೊಡ್ಡವರಿಗೂ, ಕೊಡಬೇಕೆಂದಿತು. ಒಳ್ಳೆಯ ತಿದ್ದುಪಡಿ. ಇನ್ನು ಆಗಬೇಕಾದದ್ದು, ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿದೊಯ್ಯುವ ಯಂತ್ರಗಳನ್ನು ಮಾತ್ರೆಯ ಪೆಟ್ಟಿಗೆಗಳ ಜೊತೆಗೇ ಆ ಊರುಗಳಿಗೆ ಕಳಿಸಿ, ಸ್ಥಳೀಯ ದಾದಿಯರಿಗೆ ತರಬೇತಿ ಕೊಟ್ಟು, ಮೊದಲು ನಡುವಯಸ್ಸಿನ ಮೀನುಗಾರರ ಈರಲುಗಳನ್ನು ನೋಡಿಸುವುದು. ಎಷ್ಟು ಮಾತ್ರೆ ಹಂಚಿದೆವೆಂದು ವರದಿ ಬರೆಯುವವರು, ಎಷ್ಟು ಜನರ ಈರಲು ನಾರುಗಟ್ಟಿದೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಲಿ.