ಗಿಟಾರೋ? ಶರೀಫರ ಮಾತೋ? ಬನಹಟ್ಟಿಯಲ್ಲೊಂದು ಹಾಡಿನ ಜಗಳ!

ಜಗಳ ಶುರುವಾದದ್ದು ಬನಹಟ್ಟಿಯ ಚಹಾದಂಗಡಿಯಲ್ಲಿ. ಹಿಂದಿನ ಓಣಿಯಿಂದ ಮಗ್ಗಗಳ ಖಟಾಖಟ್ ಸದ್ದು. ಎದುರಿಗೆ ನಾಲ್ಕು ಗ್ಲಾಸು ಚಹಾ. ನಡುವೆ ಒಂದೇ ಪ್ರಶ್ನೆ: ರಘು ದೀಕ್ಷಿತ್ ತಂಡದ ಹಾಡುಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಯಾವುದು?

ಇದು ಹೊತ್ತು ಕಳೆಯುವ ಮಾತಲ್ಲ, ಮಿತ್ರರೇ! ನಮ್ಮ ಓಣಿಯ ಗಣಪತಿ ಮುಂದೆ, ನಾಟಕಕ್ಕೆ ಮೊದಲು, ನಮಗೆ ಒಂದೇ ಒಂದು ಹಾಡಿಗೆ ಸ್ಟೇಜು ಸಿಕ್ಕಿತ್ತು. ಹಿಂದಿನ ವರ್ಷ ನಾವು ಇಂಗ್ಲಿಷ್ ಹಾಡು ಒದರಿದಾಗ ಎರಡೇ ನಿಮಿಷಕ್ಕೆ ಹಿರಿಯರು ಮೈಕ್ ಬಂದ್ ಮಾಡಿಸಿದ್ದರು. ಈ ಸಲವೂ ಎಡವಿದರೆ? ನಮ್ಮ ಪಾಲಿಗೆ ಸ್ಟೇಜು ಮುಗಿದಂತೆಯೇ!

ಜಮಖಂಡಿಯ ಗೆಳೆಯ ಗಿಟಾರಿನವ. 1976ರ ಲಂಡನ್ನಿನ ಪಂಕ್ ರಾಕ್, ಸೆಕ್ಸ್ ಪಿಸ್ತೂಲ್ಸ್ ಅಂದರೆ ಅವನಿಗೆ ಪ್ರಾಣ. "ಹಾಡಂದ್ರ ಸಿಟ್ಟು ಇರಬೇಕಲೇ! ಮೂರ ಸ್ವರದ ಕಟ್ಟು ಬಂದ್ರ ಸಾಕು, ಜಗತ್ತ ಅಲ್ಲಾಡಿಸಬಹುದು. 'ಗುಡುಗುಡಿಯ ಸೇದಿ ನೋಡೋ' ಹಾಡೋಣು. ಆ ಓಟ ನೋಡು!" ಎಂದ.

ಮುಧೋಳದವ ಒಪ್ಪಲಿಲ್ಲ. "ಮಂದಿ ಕುಣೀಬೇಕಂದ್ರ 2008ರ 'ಸೈಕೋ' ಪಿಚ್ಚರಿನ ಮಾದೇಶ್ವರನ ಹಾಡ ಬೇಕು. ಸಿನಿಮಾದ್ದಂದ್ರ ಯಾರೂ ಮೈಕ್ ಬಂದ್ ಮಾಡಂಗಿಲ್ಲ."

"ಏ, ನೀ ರನ್ನನ ಊರಾಂವ! ಮಾತಿನ ತೂಕ ನೋಡೋದು ಬಿಟ್ಟು ಕುಣಿಯೋದ ನೋಡ್ತಿ?" ಎಂದು ಜಮಖಂಡಿಯವ ಛೇಡಿಸಿದ. ಗ್ಲಾಸುಗಳು ಅಲ್ಲಾಡಿದವು.

ಓದುಗರಿಗೆ ಇಲ್ಲಿ ಎರಡು ಮಾತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. 2008ರಲ್ಲಿ ಅವರ ಮೊದಲ ಆಲ್ಬಂ ಬಂತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಮೇಳದಲ್ಲೂ ಈ ತಂಡ ಹಾಡಿತು. ಆದರೆ ಅವರು ಗಿಟಾರಿಗೆ ಕಟ್ಟಿದ ಕೆಲವು ಹಾಡುಗಳ ಮಾತು ಯಾರದ್ದು? ನಮ್ಮ ಶಿಶುನಾಳ ಶರೀಫರದ್ದು! 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತ. ಮುಸ್ಲಿಮನಾಗಿ ಹುಟ್ಟಿ ಬ್ರಾಹ್ಮಣ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದವರು. ಹೇಳಿ, ಅದಕ್ಕಿಂತ ದೊಡ್ಡ ಬಂಡಾಯ ಯಾವ ಪಂಕ್ ಹುಡುಗ ಮಾಡಿದ್ದಾನೆ?

ರಘು ದೀಕ್ಷಿತ್‌ಗೂ ಮೊದಲೇ ಸಿ. ಅಶ್ವತ್ಥ್ ತಮ್ಮ ಕಂಚಿನ ಕಂಠದಿಂದ ಈ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರು. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ ಕಂಡದ್ದನ್ನು ಮರೆಯಲಾದೀತೆ? ಅಶ್ವತ್ಥ್ 2009ರಲ್ಲಿ ನಮ್ಮನ್ನಗಲಿದರು. ಅವರ ದನಿ ಮಾತ್ರ ಇನ್ನೂ ಕಿವಿಯಲ್ಲಿದೆ.

ಇಷ್ಟು ಹೊತ್ತು ಬೀಳಗಿಯ ಗೆಳೆಯ ತುಟಿ ಬಿಚ್ಚಿರಲಿಲ್ಲ. ಕೊನೆಗೆ ಮೆಲ್ಲಗೆ ಎಂದ: "'ಸೋರುತಿಹುದು ಮನೆಯ ಮಾಳಿಗಿ' ಹಾಡೋಣು."

"ಅದು ಅಧ್ಯಾತ್ಮಲೇ! ಮನಿ ಅಂದ್ರ ಮೈ, ಮಾಳಿಗಿ ಅಂದ್ರ ಬುದ್ಧಿ. ಯಾರಿಗೆ ತಿಳೀತದ?" ಎಂದ ಗಿಟಾರಿನವ.

"ನನಗ ತಿಳೀತದ," ಎಂದ ಅವನು. "ನಮ್ಮ ಅಜ್ಜನ ಮನಿ ಆಲಮಟ್ಟಿ ಹಿನ್ನೀರಿನಾಗ ಮುಳುಗ್ತು. ಮಣ್ಣಿನ ಮಾಳಿಗಿ ಇತ್ತು. ಮಳಿಗಾಲದ ಮುಂದ ವರ್ಷಾ ಮಣ್ಣ ಹಾಕಿ ತುಳೀತಿದ್ನಂತ. ಈಗ ಪುನರ್ವಸತಿ ಊರಾಗ ಸ್ಲ್ಯಾಬಿನ ಮನಿ ಐತಿ, ಸೋರೂದಿಲ್ಲ. ಆದ್ರೂ ಅಜ್ಜ ಸಾಯೂತನಕ ಮಳಿ ಬಂದ ರಾತ್ರಿ ಎದ್ದ ಕುಂಡ್ರತಿದ್ದ. 'ಮಾಳಿಗಿ ನೋಡ್ರೋ' ಅಂತಿದ್ದ. ಇಲ್ಲದ ಮಾಳಿಗಿ!"

ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನೇಕಾರ ಕಾಕಾ ಬೀಡಿ ಆರಿಸಿ ಹೇಳಿದರು: "ತಮ್ಮಾ, ಮಗ್ಗದ ಗದ್ದಲದಾಗ ನಿಮ್ಮ ಗಿಟಾರ ಕೇಳಸಂಗಿಲ್ಲ. ಅಲ್ಲಿ ಉಳಿಯೂದು ಬಾಯಾಗಿನ ಮಾತೊಂದ. ನಾವು ಭಜನ್ಯಾಗ ಈ ಪದಾ ಹಾಡಾಕತ್ತಿ ನಲವತ್ತ ವರ್ಷಾತು. ಆದ್ರ ಒಂದ ಮಾತು. ನಿಮ್ಮಂಥಾ ಹುಡುಗೂರ ಅದನ್ನ ಹಾಡಿದ್ದು ನಾ ನೋಡಿರಲಿಲ್ಲ. ಗಿಟಾರ ಬಂದ ಮ್ಯಾಲ ನೋಡಾಕತ್ತೀನಿ."

ತೀರ್ಪು ಅಲ್ಲಿಗೆ ಮುಗಿಯಿತು! ಹಾಡಿಗೆ ಉಸಿರು ಕೊಟ್ಟದ್ದು ಶರೀಫರ ಮಾತು. ಅದನ್ನು ನಮ್ಮ ವಯಸ್ಸಿನವರ ಬಾಯಿಗೆ ತಂದದ್ದು ಗಿಟಾರು. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳುವವನು ಅರ್ಧ ಅಭಿಮಾನಿ.

ಗಣಪತಿ ಮುಂದೆ ಆ ರಾತ್ರಿ ನಾವು ಅದನ್ನೇ ಹಾಡಿದೆವು. ಜಮಖಂಡಿಯವನ ಗಿಟಾರು, ಮುಧೋಳದವನ ದಪ್ಪು, ನನ್ನ ಒಡಕು ದನಿ. ಎರಡನೇ ನುಡಿಗೆ ಕಾಕಾ ತಾಳ ಹಿಡಿದು ಸ್ಟೇಜು ಹತ್ತಿಯೇಬಿಟ್ಟರು. ಬೀಳಗಿಯವ ಮಾತ್ರ ಹಾಡಲಿಲ್ಲ. ಮುಂದಿನ ಸಾಲಿನಲ್ಲಿ ತನ್ನ ಅವ್ವನ ಪಕ್ಕ ಕುಳಿತಿದ್ದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಮೈಕ್ ಯಾರೂ ಬಂದ್ ಮಾಡಲಿಲ್ಲ.

ನಿಮ್ಮ ಊರಿನ ಕಟ್ಟೆಯ ಮೇಲೆ ಯಾವ ಹಾಡಿಗೆ ಓಟು, ಮಿತ್ರರೇ?