ಬಿಸಿಲಲ್ಲಿ ದುಡಿದ ದೇಹದೊಳಗೆ ಏನು ನಡೆಯುತ್ತದೆ? ಜೀವಕೋಶದ ‘ಟ್ಯಾಗ್’ ಹೇಳುವ ಕಥೆ

ಜೂನ್ ಬಂತೆಂದರೆ ಗಲ್ಫ್ ದೇಶಗಳ ಸೈಟ್‌ಗಳಲ್ಲಿ ಮಧ್ಯಾಹ್ನದ ಹೊತ್ತು ಬಿಸಿಲಿನ ಕೆಲಸಕ್ಕೆ ವಿರಾಮ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12.30ರಿಂದ 3 ಗಂಟೆ, ಸೌದಿಯಲ್ಲಿ ಅದೇ ದಿನಗಳಲ್ಲಿ 12ರಿಂದ 3, ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ 11ರಿಂದ 4.

“ಐದು ನಿಮಿಷ ನೆರಳಲ್ಲಿ ಕೂತರೆ ಸಾಕು, ಬೆವರು ಆರ್ತದೆ, ಮತ್ತೆ ಶುರು ಮಾಡಿದರಾಯ್ತು” ಎನ್ನುವವರು ಎಲ್ಲ ಸೈಟ್‌ನಲ್ಲೂ ಇರುತ್ತಾರೆ. ಬೆವರು ಬೇಗ ಆರುತ್ತದೆ, ನಿಜ. ಆದರೆ ಜೀವಕೋಶಗಳೊಳಗಿನ ರಿಪೇರಿ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ. ಆ ರಿಪೇರಿಯನ್ನು ನಡೆಸುವುದರಲ್ಲಿ ದೊಡ್ಡ ಪಾತ್ರ ಇರುವುದು ಒಂದು ಪುಟ್ಟ ಪ್ರೋಟೀನ್‌ಗೆ. ಅದರ ಹೆಸರು ಯುಬಿಕ್ವಿಟಿನ್.

ಬಿಸಿಗೆ ಸಡಿಲಾಗುವ ಪ್ರೋಟೀನ್

ಮೊಟ್ಟೆ ಬೇಯಿಸಿದರೆ ಬಿಳಿ ಭಾಗ ಗಟ್ಟಿಯಾಗುತ್ತದೆ. ಅದರ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಹೋಗಿ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ದೇಹ ಮೊಟ್ಟೆಯಷ್ಟು ಬಿಸಿಯಾಗುವುದಿಲ್ಲ. ಆದರೆ ಒಳಗಿನ ತಾಪ 37 ಡಿಗ್ರಿಯಿಂದ 40 ದಾಟಿದರೂ ಕೆಲವು ಸೂಕ್ಷ್ಮ ಪ್ರೋಟೀನ್‌ಗಳ ಮಡಿಕೆ ಸಡಿಲಾಗತೊಡಗುತ್ತದೆ. ಮಡಿಕೆ ತಪ್ಪಿದ ಪ್ರೋಟೀನ್ ಕೆಲಸಕ್ಕೆ ಬಾರದು, ಮೇಲಾಗಿ ಉಳಿದವುಗಳಿಗೂ ತೊಂದರೆ.

ಆಗ ಜೀವಕೋಶ ‘ಹೀಟ್ ಶಾಕ್ ಪ್ರೋಟೀನ್’ ಎಂಬ ಸಹಾಯಕರನ್ನು ಹೆಚ್ಚು ತಯಾರಿಸುತ್ತದೆ. ಈ ಪ್ರತಿಕ್ರಿಯೆ ಮೊದಲು ಕಂಡದ್ದು ಆಕಸ್ಮಿಕವಾಗಿ. ಇಟಲಿಯ ವಿಜ್ಞಾನಿ ಫೆರುಚಿಯೋ ರಿಟೋಸಾ ಅವರ ಲ್ಯಾಬಿನಲ್ಲಿ ಹಣ್ಣುನೊಣಗಳ ಕೋಶಗಳನ್ನು ಇಟ್ಟಿದ್ದ ಪೆಟ್ಟಿಗೆಯ ತಾಪವನ್ನು ಯಾರೋ ಏರಿಸಿಬಿಟ್ಟಿದ್ದರು. ಬಿಸಿಯಾದ ಕೋಶಗಳ ಕ್ರೋಮೋಸೋಮ್‌ನಲ್ಲಿ ಹೊಸ ಉಬ್ಬುಗಳು ಕಂಡವು. 1962ರಲ್ಲಿ ರಿಟೋಸಾ ಇದನ್ನು ಪ್ರಕಟಿಸಿದರು.

ಸಹಾಯಕರು ಸಡಿಲಾದ ಪ್ರೋಟೀನನ್ನು ಮತ್ತೆ ಮಡಿಚಲು ನೋಡುತ್ತಾರೆ. ಆಗದಿದ್ದರೆ ಅದಕ್ಕೆ ಯುಬಿಕ್ವಿಟಿನ್ ಅಂಟಿಸಲಾಗುತ್ತದೆ. ಹೀಗೆ ಗುರುತು ಬಿದ್ದ ಪ್ರೋಟೀನ್ ‘ಪ್ರೋಟಿಯಾಸೋಮ್’ ಎಂಬ ಕತ್ತರಿಸುವ ಯಂತ್ರಕ್ಕೆ ಹೋಗಿ ಚೂರಾಗುತ್ತದೆ. ಅಂಟಿಸಿದ ಯುಬಿಕ್ವಿಟಿನ್ ಮಾತ್ರ ಬಿಚ್ಚಿಕೊಂಡು ಮತ್ತೆ ಬಳಕೆಗೆ ಸಿಗುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿಟ್ಟ ಆರನ್ ಚಿಖನೋವರ್, ಅವ್ರಾಮ್ ಹರ್ಷ್ಕೋ ಮತ್ತು ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರ ನೊಬೆಲ್ ಸಂದಿತು.

ಒಂದೇ ಟ್ಯಾಗ್, ಹಲವು ಅರ್ಥ

ಯುಬಿಕ್ವಿಟಿನ್ ಅಂದರೆ ‘ಸಾಯಿಸು’ ಎಂಬ ಚೀಟಿ ಮಾತ್ರವಲ್ಲ. ಸೈಟ್‌ನಲ್ಲಿ ಸ್ಕಫೋಲ್ಡಿಂಗ್‌ಗೆ ಟ್ಯಾಗ್ ಹಾಕುವುದು ಎಲ್ಲರಿಗೂ ಗೊತ್ತು. ಹಸಿರು ಇದ್ದರೆ ಹತ್ತಬಹುದು, ಕೆಂಪು ಇದ್ದರೆ ಹತ್ತುವಂತಿಲ್ಲ. ಟ್ಯಾಗ್ ಒಂದೇ ಬಗೆಯದ್ದು, ಬಣ್ಣದಿಂದ ಅರ್ಥ ಬದಲಾಗುತ್ತದೆ. ಇಲ್ಲೂ ಹಾಗೆಯೇ.

ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್. ಒಂದರ ಮೇಲೊಂದು ಅಂಟಿ ಸರಪಳಿಯಾಗುತ್ತದೆ. 48ನೇ ಸ್ಥಾನದಲ್ಲಿ ಕೊಂಡಿ ಬಿದ್ದರೆ ಸಾಮಾನ್ಯವಾಗಿ ‘ಇದನ್ನು ಚೂರು ಮಾಡಿ’ ಎಂದರ್ಥ. 63ನೇ ಸ್ಥಾನದಲ್ಲಿ ಬಿದ್ದರೆ ಚೂರು ಮಾಡುವುದಲ್ಲ, ‘ಇಲ್ಲಿ ಸೇರಿ, ಸಂದೇಶ ಮುಂದೆ ಕಳಿಸಿ’ ಎಂದರ್ಥ. ಯಾವ ಪ್ರೋಟೀನ್‌ಗೆ ಅಂಟಿಸಬೇಕೆಂದು ಆರಿಸುವ ಕಿಣ್ವಗಳು ಮನುಷ್ಯರಲ್ಲಿ 600ಕ್ಕೂ ಹೆಚ್ಚು ಇವೆ. ಬಿಚ್ಚುವ ಕಿಣ್ವಗಳೂ ಸುಮಾರು 100 ಇವೆ.

ಕೆಲಸ ನಿಲ್ಲಿಸುವುದು, ಮತ್ತೆ ಶುರು ಮಾಡುವುದು

ಬಿಸಿ ಜಾಸ್ತಿಯಾದಾಗ ಜೀವಕೋಶ ತನ್ನ ಮಾಮೂಲಿ ಕೆಲಸ ನಿಲ್ಲಿಸುತ್ತದೆ. ಹೊಸ ಪ್ರೋಟೀನ್ ತಯಾರಿ ಬಹುಪಾಲು ಬಂದ್. ಅರ್ಧಕ್ಕೆ ನಿಂತ ಸಾಮಾನುಗಳೆಲ್ಲ ‘ಸ್ಟ್ರೆಸ್ ಗ್ರ್ಯಾನ್ಯೂಲ್’ ಎಂಬ ಗುಂಪುಗಳಲ್ಲಿ ಸೇರುತ್ತವೆ. ಸೈಟ್ ನಿಲ್ಲಿಸಿ ಸಾಮಾನನ್ನು ಒಂದು ಮೂಲೆಗೆ ಒಟ್ಟು ಮಾಡಿ ಇಟ್ಟ ಹಾಗೆ.

2021ರಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯಲ್ಲಿ ಜೆ. ಪಾಲ್ ಟೇಲರ್ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಮುಖ್ಯ ವಿಷಯ ತಿಳಿಸಿತು. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯ ಕೋಶಗಳಿಗೆ ಬಿಸಿ ಕೊಟ್ಟಾಗ ಯುಬಿಕ್ವಿಟಿನ್ ಅಂಟಿದ್ದು ಕೆಟ್ಟ ಪ್ರೋಟೀನ್‌ಗಳಿಗೆ ಮಾತ್ರವಲ್ಲ. ಪ್ರೋಟೀನ್ ತಯಾರಿ, ಕೋಶಕೇಂದ್ರದ ಒಳಗೂ ಹೊರಗೂ ಸಾಗಾಟ ಮುಂತಾದ ಕೆಲಸಗಳಿಗೆ ಸೇರಿದ ಪ್ರೋಟೀನ್‌ಗಳಿಗೂ ಅದು ಅಂಟಿತ್ತು. ಟ್ಯಾಗ್ ಹಾಕುವುದನ್ನು ತಡೆದಾಗ ಕೋಶ ಕೆಲಸ ನಿಲ್ಲಿಸಿತು, ಗುಂಪುಗಳೂ ಆದವು. ಆದರೆ ಬಿಸಿ ಹೋದ ಮೇಲೆ ಗುಂಪುಗಳು ಕರಗಲು ತಡವಾಯಿತು, ಕೆಲಸ ಸರಿಯಾಗಿ ಮತ್ತೆ ಶುರುವಾಗಲಿಲ್ಲ.

ಅಂದರೆ ಬಿಸಿಯ ಹೊತ್ತಿನಲ್ಲೇ ಕೋಶ ಚೇತರಿಕೆಗೆ ಬೇಕಾದ ಗುರುತು ಹಾಕಿಕೊಂಡಿರುತ್ತದೆ. ಆ ಗುರುತು ಕೆಲಸಕ್ಕೆ ಬರುವುದು ಬಿಸಿ ಇಳಿದ ಮೇಲೆ. ಲ್ಯಾಬಿನ ಕೋಶ ಬೇರೆ, ಬಿಸಿಲಲ್ಲಿ ನಿಂತ ಮನುಷ್ಯ ಬೇರೆ, ನಿಜ. ಆದರೂ ತಾಪ ಇಳಿಯಲು ಸಮಯವೇ ಕೊಡದಿದ್ದರೆ ರಿಪೇರಿ ಶುರುವಾಗುವುದೆಲ್ಲಿ?

ಉರಿಯೂತದ ಅಲಾರಂ

ಹೀಟ್ ಸ್ಟ್ರೋಕ್ ಆದವರ ಮೆದುಳು, ಲಿವರ್, ಕಿಡ್ನಿ ಎಲ್ಲಕ್ಕೂ ಪೆಟ್ಟು ಬೀಳುವುದು ಬಿಸಿಯಿಂದ ಮಾತ್ರವಲ್ಲ. ದೇಹ ತಂಪಾಗಲು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತದೆ. ಕರುಳಿಗೆ ರಕ್ತ ಕಡಿಮೆಯಾಗಿ ಅದರ ಒಳಪದರ ಸೋರತೊಡಗುತ್ತದೆ. ಕರುಳಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. ರೋಗನಿರೋಧಕ ಕೋಶಗಳಿಗೆ ಇದು ಸೋಂಕು ಬಂದಂತೆ ಕಾಣುತ್ತದೆ.

ಆಗ ಕೋಶದೊಳಗೆ 63ರ ಸರಪಳಿಗಳು ಅಲಾರಂನ ವಯರ್ ಜೋಡಿಸುತ್ತವೆ. ‘ಎನ್‌ಎಫ್-ಕಪ್ಪಾ-ಬಿ’ ಎಂಬ ಪ್ರೋಟೀನ್ ಉರಿಯೂತದ ಮುಖ್ಯ ಸ್ವಿಚ್. ಸಾಮಾನ್ಯ ದಿನಗಳಲ್ಲಿ ಇನ್ನೊಂದು ಪ್ರೋಟೀನ್ ಇದನ್ನು ಕಟ್ಟಿಹಾಕಿರುತ್ತದೆ. ಅಲಾರಂ ಹೊಡೆದಾಗ ಆ ಕಾವಲುಗಾರನಿಗೆ 48ರ ಸರಪಳಿ ಬಿದ್ದು ಅದು ಚೂರಾಗುತ್ತದೆ. ಬಿಡುಗಡೆಯಾದ ಸ್ವಿಚ್ ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಪ್ರೋಟೀನ್‌ಗಳನ್ನು ತಯಾರಿಸಲು ಆದೇಶ ಕೊಡುತ್ತದೆ.

ಇದೇ ಆದೇಶದಲ್ಲಿ ‘ಎ20’ ಎಂಬ ಬ್ರೇಕ್ ಕೂಡ ತಯಾರಾಗುತ್ತದೆ. ಇದು ಯುಬಿಕ್ವಿಟಿನ್ ಸರಪಳಿಗಳ ಮೇಲೆ ಕೆಲಸ ಮಾಡಿ ಅಲಾರಂ ಆರಿಸುತ್ತದೆ. ಹುಟ್ಟಿನಿಂದಲೇ ಎ20 ಅರ್ಧ ಪ್ರಮಾಣದಲ್ಲಿರುವವರಿಗೆ ಚಿಕ್ಕಂದಿನಿಂದಲೇ ಮತ್ತೆ ಮತ್ತೆ ಜ್ವರ, ಬಾಯಿಹುಣ್ಣು, ಉರಿಯೂತ ಕಾಡುತ್ತದೆ ಎಂದು 2016ರಲ್ಲಿ ಗುರುತಿಸಲಾಯಿತು. ಅಲಾರಂ ಹೊಡೆಯುವುದು ಎಷ್ಟು ಮುಖ್ಯವೋ ಸಮಯಕ್ಕೆ ಆರುವುದೂ ಅಷ್ಟೇ ಮುಖ್ಯ. ಹೀಟ್ ಸ್ಟ್ರೋಕ್‌ನಲ್ಲಿ ಈ ಉರಿಯೂತ ಹತೋಟಿ ತಪ್ಪುತ್ತದೆ.

ಊರಿನಿಂದ ಬಂದವರು ಎಚ್ಚರ

ದೇಹ ಬಿಸಿಗೆ ಒಗ್ಗಲು 7ರಿಂದ 14 ದಿನ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಕೋಶಗಳಲ್ಲಿ ಹೀಟ್ ಶಾಕ್ ಪ್ರೋಟೀನ್‌ಗಳ ದಾಸ್ತಾನು ಹೆಚ್ಚಿರುವುದೂ ಸಂಶೋಧನೆಗಳಲ್ಲಿ ಕಂಡಿದೆ. ಆದರೆ ಒಂದು ವಾರ ದೂರ ಉಳಿದರೂ ಈ ತಯಾರಿ ಕಡಿಮೆಯಾಗತೊಡಗುತ್ತದೆ. ಜುಲೈನಲ್ಲಿ ಮಂಗಳೂರು, ಉಡುಪಿಯ ಮಳೆಯಲ್ಲಿ ರಜೆ ಕಳೆದು ವಾಪಸ್ ಬಂದವರಿಗೆ ಎಷ್ಟು ವರ್ಷದ ಅನುಭವ ಇದ್ದರೂ ದೇಹ ಮತ್ತೆ ಒಗ್ಗಬೇಕು.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ ಸಲಹೆ ಹೀಗಿದೆ: ಹೊಸಬರು ಮೊದಲ ದಿನ ಬಿಸಿಯಲ್ಲಿ ಮಾಮೂಲಿ ಅವಧಿಯ 20 ಶೇಕಡಾಕ್ಕಿಂತ ಹೆಚ್ಚು ದುಡಿಯಬಾರದು, ಆಮೇಲೆ ದಿನಕ್ಕೆ 20 ಶೇಕಡಾದಂತೆ ಏರಿಸಬೇಕು. ಅನುಭವಿಗಳು ಮೊದಲ ದಿನ 50, ಎರಡನೇ ದಿನ 60, ಮೂರನೇ ದಿನ 80, ನಾಲ್ಕನೇ ದಿನ ಪೂರ್ತಿ. ಫೋರ್‌ಮನ್ ಹತ್ತಿರ ಮೊದಲ ದಿನವೇ ಈ ವಿಷಯ ಮಾತಾಡುವುದು ಒಳ್ಳೆಯದು.

ಜತೆಗಾರ ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ, ಕುಸಿದು ಬಿದ್ದರೆ ಕಾಯಬೇಡಿ. ಆಂಬುಲೆನ್ಸ್ ಕರೆಯಿರಿ: ಯುಎಇ 998, ಸೌದಿ 997, ಕತಾರ್ ಮತ್ತು ಬಹರೈನ್ 999, ಕುವೈತ್ 112, ಒಮಾನ್ 9999. ಅದು ಬರುವ ಮೊದಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯೂ ಬೇಡ. ಇದು ಜ್ವರವಲ್ಲ, ಮಾತ್ರೆಯಿಂದ ತಾಪ ಇಳಿಯುವುದಿಲ್ಲ, ಮೊದಲೇ ಪೆಟ್ಟು ತಿಂದ ಲಿವರ್‌ಗೆ ಇನ್ನಷ್ಟು ಹೊರೆ.

ಮಧ್ಯಾಹ್ನದ ವಿರಾಮದಲ್ಲಿ ಮೊಬೈಲ್ ನೋಡುತ್ತಾ ಬಿಸಿ ತಗಡಿನ ಶೆಡ್‌ನಲ್ಲಿ ಕೂತರೆ ವಿರಾಮ ಲೆಕ್ಕಕ್ಕೆ ಮಾತ್ರ. ತಂಪು ಜಾಗ, ನೀರು, ಸ್ವಲ್ಪ ಉಪ್ಪು ಹಾಕಿದ ಮಜ್ಜಿಗೆ ಅಥವಾ ಲಬನ್, ಆದರೆ ಒಂದು ಸಣ್ಣ ನಿದ್ದೆ. ಕೈಕಾಲು ಸುಮ್ಮನಿದ್ದರೂ ಆ ಹೊತ್ತಿನಲ್ಲಿ ಒಳಗೆ ಕೆಲಸ ಜೋರಾಗಿಯೇ ನಡೆದಿರುತ್ತದೆ.