ಯಾವುದು ಅನಾಚಾರ?

ಕಳೆದ ಸುಗ್ಗಿಯ ದಿನಗಳಲ್ಲಿ ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಸಹಪಾಠಿಯ ಬೈಕಿನಿಂದ ಇಳಿದುದನ್ನು ಕಂಡ ಹಿರಿಯರೊಬ್ಬರು, “ಎಂಥಾ ಅನಾಚಾರರೀ ಇದು!” ಎಂದು ಉದ್ಗರಿಸಿದರು. ಅದೇ ಓಣಿಯಲ್ಲಿ ದಿನವೂ ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನೊಬ್ಬನಿದ್ದಾನೆ. ನಾನು ಅವನ ಮಾತೆತ್ತಿದಾಗ ಅದೇ ಹಿರಿಯರು, “ಅದು ಅವರ ಮನಿ ಮಾತರಿ, ಬಿಡ್ರಿ ಗುರುಗಳ” ಎಂದರು. ಅಂದಿನಿಂದ ಆ ಶಬ್ದ ನನ್ನನ್ನು ಕಾಡುತ್ತಿದೆ.

ಪ್ರಿಯ ಓದುಗರೇ, ‘ಆಚಾರ’ದ ಮೂಲದಲ್ಲಿರುವುದು ‘ಚರ್’ ಎಂಬ ಸಂಸ್ಕೃತ ಧಾತು; ನಡೆ, ಸಂಚರಿಸು ಎಂದು ಅದರ ಅರ್ಥ. ಅಚ್ಚಗನ್ನಡದ ‘ನಡತೆ’ಯೂ ನಡೆಯುವುದರಿಂದಲೇ ಹುಟ್ಟಿದ್ದು. ಹಲವರು ನಡೆದು ಸವೆಸಿದ ದಾರಿ ರೂಢಿಯಾಗುತ್ತದೆ, ರೂಢಿಯು ಆಚಾರವೆನಿಸುತ್ತದೆ. ಲ್ಯಾಟಿನ್ನಿನಲ್ಲೂ ಹೀಗೆಯೇ: ರೂಢಿಯೆಂಬ ಅರ್ಥವುಳ್ಳ ‘ಮೋಸ್’ ಎಂಬ ಪದದಿಂದಲೇ ಸಿಸೆರೊ ನೀತಿಯನ್ನು ಕುರಿತ ವಿಶೇಷಣವನ್ನು ಕಟ್ಟಿದನೆಂದು ಗುರುಮಠದಲ್ಲಿ ಓದಿದ್ದೆವು. (ಪರೀಕ್ಷೆಗಾಗಿ ಓದಿದ್ದು ಈಗ ಉಪಯೋಗಕ್ಕೆ ಬಂತು.) ತೊಡಕಿರುವುದೂ ಇಲ್ಲಿಯೇ. ರೂಢಿಯನ್ನು ಮೀರುವುದೂ ಅನಾಚಾರ, ಇನ್ನೊಬ್ಬರಿಗೆ ಕೇಡು ಮಾಡುವುದೂ ಅನಾಚಾರ. ಆದರೆ ಎರಡೂ ಒಂದೇ ಅಲ್ಲ.

ಈ ಭೇದವನ್ನು ನಮ್ಮ ನೆಲ ಬಲ್ಲದು. ಬಸವನ ಬಾಗೇವಾಡಿಯ ಬಸವಣ್ಣನವರು ಉಪನಯನವನ್ನೇ ನಿರಾಕರಿಸಿದರೆಂದು ಪ್ರತೀತಿ. ಮುಂದೆ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ, ಕುಲಾಚಾರ ಕೆಟ್ಟಿತೆಂಬ ಕೂಗೆದ್ದು ಇಬ್ಬರು ತಂದೆಯರೂ ಮರಣದಂಡನೆಗೆ ಗುರಿಯಾದರೆಂಬುದು ಪರಂಪರೆಯ ಮಾತು. ಆದರೂ ಶರಣರು ಆಚಾರವೆಂಬ ಶಬ್ದವನ್ನು ಬಿಸುಡಲಿಲ್ಲ, ಅದರ ಮುಖವನ್ನು ತಿರುಗಿಸಿದರು. ಅವರ ಪಂಚಾಚಾರಗಳಲ್ಲಿ ಸದಾಚಾರವೆಂದರೆ ಸತ್ಯಶುದ್ಧ ದುಡಿಮೆಯ ಬದುಕು. ಶಿಷ್ಯರು ಕೈ ತೊಳೆಯದೆ ಉಂಡರೆಂದು ಫರಿಸಾಯರು ಆಕ್ಷೇಪಿಸಿದಾಗ ಯೇಸುಸ್ವಾಮಿ ಮಾತನ್ನು ಅಂತರಂಗದತ್ತ ತಿರುಗಿಸಿದುದೂ ಇದೇ ರೀತಿಯಲ್ಲಿ. ಅಸ್ಪೃಶ್ಯತೆಯೂ ಬಹುಕಾಲ ‘ಆಚಾರ’ವೇ ಆಗಿತ್ತಲ್ಲವೇ? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅದನ್ನು ರದ್ದುಪಡಿಸಿತು; 1955ರ ಕಾಯ್ದೆ ಅದರ ಆಚರಣೆಗೆ ಶಿಕ್ಷೆಯನ್ನು ಗೊತ್ತುಪಡಿಸಿತು.

ಇದರ ಸೋದರಶಬ್ದ ‘ಅತ್ಯಾಚಾರ’. ಇಂಡಿಯಿಂದ ಸೋಲಾಪುರಕ್ಕೆ ಹೋಗಿಬರುವವರು ಮರಾಠಿ ಪತ್ರಿಕೆಗಳಲ್ಲಿ ಅದನ್ನು ಕಂಡು ಬೆಚ್ಚುವುದುಂಟು. ಅಲ್ಲಿ ಅದಕ್ಕೆ ದೌರ್ಜನ್ಯವೆಂಬ ವಿಶಾಲವಾದ ಅರ್ಥವಿದೆ. ಇಂದಿನ ಕನ್ನಡದಲ್ಲಿ ಅದು ಹೆಣ್ಣಿನ ಮೇಲಿನ ಬಲಾತ್ಕಾರಕ್ಕೇ ಮೀಸಲಾದಂತಿದೆ. ‘ಅನಾಚಾರ’ವೂ ಹೀಗೆ ಕಿರಿದಾಗುತ್ತಿದೆ. ಸಿಂದಗಿಯ ಸಂತೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ತೂಕದಲ್ಲಿ ಮೋಸಮಾಡಿದವನಿಗೆ ಈ ಪದವನ್ನು ಹಚ್ಚಿದ್ದನ್ನು ನಾನು ಕೇಳಿಲ್ಲ. ‘ನಡತೆಗೆಟ್ಟವಳು’ ಎಂಬ ಮಾತು ಹೆಣ್ಣಿಗೆ ಅಂಟುವಷ್ಟು ಬೇಗ ‘ನಡತೆಗೆಟ್ಟವನು’ ಎಂಬುದು ಗಂಡಸಿಗೆ ಅಂಟುವುದಿಲ್ಲ.

ಮೊನ್ನೆ ಆ ಹಿರಿಯರು ಮತ್ತೆ ಸಿಕ್ಕಿದ್ದರು. ಪೆಟ್ಟು ತಾಳಲಾರದೆ ಆ ಹೆಣ್ಣುಮಗಳು ಎರಡು ಮಕ್ಕಳೊಡನೆ ತವರಿಗೆ ಹೋದಳಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂವ ಮಾಡಿದ್ದೂ ಚೊಲೊ ಅಲ್ಲರಿ” ಎಂದರು. ಅನಾಚಾರವೆಂಬ ಶಬ್ದ ಮಾತ್ರ ಅವರ ಬಾಯಿಗೆ ಬರಲಿಲ್ಲ.